ಹೊಟ್ಟೆಯ ಬರಕತ್ತು ಮತ್ತು ನಮ್ಮ ಹುಸಿ ತವಕ್ಕುಲ್

ಮಾನವ ಶರೀರವು ಅಲ್ಲಾಹನು ನಮ್ಮ ವಶಕ್ಕೆ ಒಪ್ಪಿಸಿರುವ ಅಮಾನತ್ತು. ಆದರೆ ಈ ಅಮಾನತ್ತಿನ ವಿಷಯದಲ್ಲಿ ನಮ್ಮ ನಾಲಿಗೆ ಎರಡು ಬಗೆಯಾಗಿ ನುಡಿಯುತ್ತದೆ. ಪುರುಷನ ಹೊಟ್ಟೆ ಮುಂದೆ ಬಂದರೆ 'ಬರಕತ್ತು' ಎಂದು ಹೊಗಳುತ್ತೇವೆ. ಹೆಣ್ಣು ನೋಡಲು ಹೋದಲ್ಲಿ ಮಗಳು ತುಸು ದಪ್ಪಗಿದ್ದರೆ ಮೂಗು ಮುರಿಯುತ್ತೇವೆ. ಮೊದಲನೆಯದು ಅಜ್ಞಾನ, ಎರಡನೆಯದು ಪಾಪ. ಅಪಹಾಸ್ಯವನ್ನು ಸೂರಃ ಅಲ್ ಹುಜುರಾತ್ ಪುರುಷರಿಗೂ ಸ್ತ್ರೀಯರಿಗೂ ಪ್ರತ್ಯೇಕವಾಗಿ ಹೆಸರಿಸಿಯೇ ನಿಷೇಧಿಸಿದೆ.

'ನನ್ನ ತೂಕ ಸರಿಯಾಗಿಯೇ ಇದೆ' ಎಂಬುದು ಹಲವರ ಸಮಾಧಾನ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ರೈತನನ್ನು ಕೇಳಿರಿ. ತೂಕದ ಯಂತ್ರವು ಟನ್ನುಗಳನ್ನು ಹೇಳೀತು, ಸಕ್ಕರೆಯ ಇಳುವರಿಯನ್ನು ಹೇಳದು. ದೇಹದ ತೂಕವೂ ಹಾಗೆಯೇ: ಸ್ನಾಯುವೆಷ್ಟು, ಕೊಬ್ಬೆಷ್ಟು, ಆ ಕೊಬ್ಬು ಎಲ್ಲಿ ಸೇರಿಕೊಂಡಿದೆ ಎಂಬುದನ್ನು ಅದು ತಿಳಿಸದು. ತೊಡೆಯ ಕೊಬ್ಬಿಗಿಂತ ಕರುಳು, ಯಕೃತ್ತುಗಳ ಸುತ್ತ ಶೇಖರವಾಗುವ ಕೊಬ್ಬು ಅಪಾಯಕಾರಿ. ಅದು ಇನ್ಸುಲಿನ್ನಿನ ಕಾರ್ಯವನ್ನು ಕುಂಠಿತಗೊಳಿಸಿ ಸಕ್ಕರೆ ಕಾಯಿಲೆಗೂ ಹೃದಯಾಘಾತಕ್ಕೂ ದಾರಿ ಮಾಡುತ್ತದೆ.

ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ವೈದ್ಯಕೀಯ ಕಲಿತ ಡಾ. ಸಲೀಂ ಯೂಸುಫ್ ಮತ್ತು ಸಂಗಡಿಗರು 52 ದೇಶಗಳಲ್ಲಿ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನವು 2005ರಲ್ಲಿ ಇದನ್ನೇ ತೋರಿಸಿತು: ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುವ ಬಿಎಂಐಗಿಂತ ಸೊಂಟ ಮತ್ತು ನಿತಂಬಗಳ ಸುತ್ತಳತೆಯ ಅನುಪಾತವೇ ಹೃದಯಾಘಾತದ ಅಪಾಯಕ್ಕೆ ಮೇಲಾದ ಸೂಚಕ. ಯುರೋಪಿನ ಮೂರೂವರೆ ಲಕ್ಷಕ್ಕೂ ಮಿಕ್ಕ ಜನರನ್ನು ಕುರಿತ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಎಂಐ ಸಮಾನವಾಗಿದ್ದರೂ ಸೊಂಟ ದೊಡ್ಡದಾದವರಲ್ಲಿ ಮರಣದ ಅಪಾಯ ಹೆಚ್ಚಿತ್ತು.

ಹಾಗೆಂದು ಮಗಳನ್ನು ಉಪವಾಸ ಕೆಡವುವುದು ಪರಿಹಾರವಲ್ಲ. ತೀರ ಕೃಶರಾದವರಲ್ಲೂ ಮರಣದ ಅಪಾಯ ಅಧಿಕವೇ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಜನಿಸಿದವರನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ವರದಿಯಂತೆ, ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲೇ ನಡುವಯಸ್ಸಿನಲ್ಲಿ ಹೃದಯರೋಗ ಹೆಚ್ಚು ಕಂಡುಬಂದಿತು. ಇಂದು ನಾವು ಹೀಯಾಳಿಸಿ ಹಸಿವಿಗೆ ತಳ್ಳುವ ಹುಡುಗಿಯೇ ನಾಳಿನ ತಾಯಿ ಎಂಬುದು ನೆನಪಿರಲಿ.

'ಅಜಲ್ ಬಂದ ದಿನ ಯಾವ ಅಳತೆಪಟ್ಟಿಯೂ ತಡೆಯದು' ಎನ್ನುವವರಿದ್ದಾರೆ. ಮರಣದ ಘಳಿಗೆ ಅಲ್ಲಾಹನ ಕೈಯಲ್ಲಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಒಂಟೆಯನ್ನು ಕಟ್ಟಿದ ಬಳಿಕ ಭರವಸೆಯಿಡಲು ಕಲಿಸಿದ ಪ್ರವಾದಿವರ್ಯರೇ(ಸ) ಹೊಟ್ಟೆಯ ಮೂರನೆಯ ಒಂದು ಭಾಗವನ್ನು ಅನ್ನಕ್ಕೂ ಒಂದು ಭಾಗವನ್ನು ನೀರಿಗೂ ಇಟ್ಟು, ಉಳಿದುದನ್ನು ಉಸಿರಿಗೆ ಬಿಡಲು ಬೋಧಿಸಿದರು. ವಲೀಮಾದಲ್ಲಿ ಮೂರನೆಯ ತಟ್ಟೆ ಬಿರಿಯಾನಿ ಮುಗಿಸಿ ವಿಧಿಯ ಮಾತಾಡುವುದು ತವಕ್ಕುಲ್ ಅಲ್ಲ, ಸೋಮಾರಿತನ.

ಸಹೋದರ ಸಹೋದರಿಯರೇ, ದರ್ಜಿಯ ಟೇಪು ಎಲ್ಲ ಮನೆಗಳಿಗೂ ಎಟಕುವ ವಸ್ತು. ಉಸಿರು ಹೊರಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಳೆಯಿರಿ. ನಮ್ಮ ದೇಶದವರಿಗೆ ವೈದ್ಯರು ಹಾಕಿರುವ ಗೆರೆ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್. ದಾಟಿದ್ದರೆ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಳ್ಳಿ. ಮಸೀದಿಗೆ ಬೈಕು ಬಿಟ್ಟು ನಡೆದು ಹೋಗಿರಿ. ಮೊದಲು ನಮ್ಮ ಸೊಂಟವನ್ನು ಅಳೆಯೋಣ, ಪರರ ಮಗಳ ಮೈಯನ್ನು ಅಳೆಯುವುದನ್ನು ಬಿಡೋಣ. ಅಮಾನತ್ತನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.