ಮೂಗಿನ ನಳಿಕೆಗಿಂತ ಜನರ ನೋಟವೇ ಭಾರ!

ಬೈಲಕುಪ್ಪೆಯಲ್ಲಿ ಮೈಸೂರು ಬಸ್ಸು ಹತ್ತುವವರಲ್ಲಿ ಆಸ್ಪತ್ರೆಗೆ ಹೊರಟವರೂ ಇರುತ್ತಾರೆ. ಮೂಗಿಗೆ ನಳಿಕೆ ಹಾಕಿ ಕೆನ್ನೆಗೆ ಪ್ಲಾಸ್ಟರ್ ಅಂಟಿಸಿದ ಮಗು ಕಂಡರಂತೂ ಇಡೀ ಬಸ್ಸಿನ ಕಣ್ಣು ಅತ್ತಲೇ. "ಅಯ್ಯೋ, ಏನಾಯ್ತವ್ವ ಮಗೀಗೆ? ಉಳಿಯುತ್ತಾ?"

ನಳಿಕೆ ಎಂದರೆ ಕೊನೆಗಾಲವೇ? ಖಂಡಿತ ಅಲ್ಲ. ಕರುಳಿನಲ್ಲಿ ಹುಣ್ಣೆಬ್ಬಿಸುವ ಕ್ರೋನ್ಸ್ ಕಾಯಿಲೆಗೆ ಮಕ್ಕಳಲ್ಲಿ 6ರಿಂದ 8 ವಾರ ಊಟ ನಿಲ್ಲಿಸಿ ಬರೀ ಪೌಷ್ಟಿಕ ದ್ರವಾಹಾರ ಕೊಡುವುದುಂಟು. ಕುಡಿಯಲಾಗದ ಮಗುವಿಗೆ ನಳಿಕೆ. ಸ್ಟೀರಾಯ್ಡ್ ಇಲ್ಲದೆಯೇ ಉರಿಯೂತ ಇಳಿಯುತ್ತದೆ, ತೂಕ ಏರುತ್ತದೆ. ಆದರೆ ಕರುಳಿನ ಕ್ಷಯವೂ ಇದೇ ವೇಷದಲ್ಲಿ ಬರುವುದರಿಂದ ಮೊದಲು ಸರಿಯಾದ ತಪಾಸಣೆ ಆಗಲೇಬೇಕು.

ಮಗುವನ್ನು ಒಗ್ಗಿಸುವುದೇ ಕಷ್ಟ. ಹೇಳದೆ ಕೇಳದೆ ಹಿಡಿದು ಹಾಕಿದರೆ ಭಯ ಬಿಡದು. ಮೊದಲು ಬೊಂಬೆಗೆ ಹಾಕಿ ತೋರಿಸಬೇಕು. ಯಾವ ಕಡೆಯ ಮೂಗು ಎಂದು ಮಗುವನ್ನೇ ಕೇಳಬೇಕು. ಆಹಾರ ಬಿಡುವ ಮುನ್ನ ಪ್ರತಿ ಸಲವೂ ನಳಿಕೆ ಹೊಟ್ಟೆಯಲ್ಲೇ ಇದೆಯೇ ಎಂದು ನರ್ಸ್ ಕಲಿಸಿದಂತೆ ನೋಡಬೇಕು. ಜಾರಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಕೆಮ್ಮು, ಉಸಿರುಗಟ್ಟುವಿಕೆ ಕಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು.

ಇದು ಮನೆಯವರ ಪಾಲು. ಊರವರ ಪಾಲೂ ಇದೆ. ಅಂಗಡಿಯವರು "ಪಾಪ" ಎಂದು ಬಿಸ್ಕತ್ತು ಕೈಗಿಟ್ಟರೆ ವಾರಗಟ್ಟಲೆ ಹಿಡಿದ ಪಥ್ಯ ಕೆಟ್ಟಂತೆ. ಕೊಡಲೇಬೇಕೆನಿಸಿದರೆ ಒಂದು ಬಲೂನು ಕೊಡಲಿ. ಬಸ್ಸಿನವರು ಕಿಟಕಿ ಪಕ್ಕ ಜಾಗ ಬಿಟ್ಟು, ಕಾಯಿಲೆಯ ಸುದ್ದಿ ಬಿಟ್ಟು, "ಯಾವ ಕ್ಲಾಸು ಮರಿ?" ಎಂದು ಕೇಳಲಿ. ಮಗು ಇನ್ನಷ್ಟು ಬೇಗ ಒಗ್ಗಿಕೊಳ್ಳುತ್ತದೆ.