ಮಂಡಿ ಕೀಲಿಗೆ ಬೆಲೆ ಕಟ್ಟಿದರು, ಮುರಿದ ತೊಡೆಗೆ?



ಬೇಗೂರು ಸೀಮೆಯಲ್ಲಿ ಅರಿಶಿನ, ಸೂರ್ಯಕಾಂತಿ ಬೆಳೆದ ನಮಗೆ ಬೆಲೆ ಹೇಳುವ ಹಕ್ಕಿಲ್ಲ. ಆಸ್ಪತ್ರೆಯವರು ಹೇಳಿದ್ದಕ್ಕೆ ಮಾತ್ರ ತಲೆಬಾಗಬೇಕು.

2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೋಬಾಲ್ಟ್-ಕ್ರೋಮಿಯಂ ಮಂಡಿ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಗರಿಷ್ಠ ಬೆಲೆ ಕಟ್ಟಿತು. ಒಳ್ಳೇದೇ. ಹಾಸಿಗೆ, ಡಾಕ್ಟರ ಫೀಸಿಗೆ ಆ ಕಟ್ಟಿಲ್ಲ. ಕೀಲು ಹಾಕಿಸಿಕೊಂಡ ಅವ್ವ ಜಾರಿಬಿದ್ದು, ಅದರ ಮೇಲ್ಗಡೆ ತೊಡೆ ಮೂಳೆ ಮುರಿದರೆ ಮತ್ತೆ ಸಾಲ.

ನಾಟಿ ಕಟ್ಟು ಕಟ್ಟಿಸಬೇಡಿ. ಕೀಲು ಬಿಗಿಯಾಗಿದೆಯಾ, ಸಡಿಲವಾಗಿದೆಯಾ ಅಂತ ಡಾಕ್ಟರನ್ನು ಕೇಳಿ. ಬಿಗಿಯಿದ್ದರೆ ಸಾಮಾನ್ಯವಾಗಿ ಪ್ಲೇಟು, ಇಲ್ಲವೇ ರಾಡು ಹಾಕುತ್ತಾರೆ. ಸಡಿಲವಾಗಿದ್ದರೆ ಕೀಲನ್ನೇ ಬದಲಿಸಬೇಕಾಗುತ್ತದೆ. ಖರ್ಚು ಬರೆದುಕೊಡಿ ಅನ್ನಿ. ಜಮೀನು ಅಡ ಇಡುವ ಮೊದಲು ಚಾಮರಾಜನಗರದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಿ.

ಬರೀ ಕೀಲಿಗಲ್ಲ, ಇಡೀ ಚಿಕಿತ್ಸೆಗೇ ಸರ್ಕಾರ ಬೆಲೆ ಕಟ್ಟಲಿ!