ಪಾರ್ಕ್ ಸ್ಟ್ರೀಟಿನಿಂದ: ಕುಳಿತುಕೊಳ್ಳಲಾರದ ಗುಮಾಸ್ತ

ಗುಮಾಸ್ತನೆಂದರೆ ಕುಳಿತು ಕೆಲಸಮಾಡುವವನು ಎಂಬುದು ಲೋಕದ ತಿಳಿವಳಿಕೆ. ಬಿ.ಎ. ಪಾಸುಮಾಡಿ, ಪರೀಕ್ಷೆ ಬರೆದು, ತಿಪಟೂರಿನಿಂದ ಕಲ್ಕತ್ತೆಯವರೆಗೆ ಬಂದು, ಪಾರ್ಕ್ ಸ್ಟ್ರೀಟಿನ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಸಂಪಾದಿಸಿಕೊಂಡ ಸ್ಥಿರಾಸ್ತಿಯೆಂದರೆ ಒಂದು ಕುರ್ಚಿ. 2025ರ ಮಾರ್ಚಿ ತಿಂಗಳಲ್ಲಿ ಆ ಕುರ್ಚಿಯೇ ನನಗೆ ಶತ್ರುವಾಯಿತು. ಕಾರಣ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಆ ನಾಚಿಕೆಯಿಂದಲೇ ನಮ್ಮ ಮನೆಗೆ ಆದ ಕೇಡನ್ನು ನೆನೆದು, ಹೇಳಿಯೇಬಿಡುತ್ತೇನೆ: ನನಗೆ ಕುರು ಎದ್ದಿತ್ತು, ಏಳಬಾರದ ಜಾಗದಲ್ಲಿ ಎದ್ದಿತ್ತು.

ಅದು ಮೊದಲನೆಯದೂ ಅಲ್ಲ. ದುರ್ಗಾಪೂಜೆಯ ಹೊತ್ತಿಗೆ ತೊಡೆಯ ಮೇಲೊಂದು ಬಂದುಹೋಗಿತ್ತು. ಸಂಕ್ರಾಂತಿಗೆ ಸೊಂಟದ ಬಳಿ ಇನ್ನೊಂದು. ಪ್ರತಿ ಸಲವೂ ಔಷಧದ ಅಂಗಡಿಗೆ ಹೋಗಿ, ತಗ್ಗಿದ ದನಿಯಲ್ಲಿ ಮಾತ್ರೆ ಕೇಳಿ ತಂದು, ನೋವು ಇಳಿದ ಮೂರನೆಯ ದಿನಕ್ಕೇ ಮಾತ್ರೆಗೆ ವಿದಾಯ ಹೇಳುತ್ತಿದ್ದೆ. ಉಳಿದವು ಮುಂದಿನ ಸಲಕ್ಕೆ ಬಂದಾವು ಎಂಬ ಉಳಿತಾಯದ ಬುದ್ಧಿ! ಊರಿನಿಂದ ಅಮ್ಮ ಫೋನಿನಲ್ಲಿ, "ಅದೆಲ್ಲ ಉಷ್ಣ ಕಣೋ, ಮೆಂತ್ಯ ನೆನೆಸಿ ಕುಡಿ" ಎಂದಳು. ಪಕ್ಕದ ಮನೆಯ ಮಾಶಿಮಾ ಹಸಿರು ಟ್ಯೂಬಿನ ಬೋರೋಲಿನ್ ಕೊಟ್ಟರು. 1929ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಆ ಮುಲಾಮಿನ ಮೇಲೆ ಬಂಗಾಳಿಗಳಿಗಿರುವ ಅಭಿಮಾನ ಹೇಳತೀರದು. ಒಡೆದ ತುಟಿಗೆ ಹಚ್ಚುವುದನ್ನು ಕುರುವಿಗೂ ಹಚ್ಚೆಂದು ಪ್ರೀತಿಯಿಂದ ಕೊಟ್ಟರು. ಪ್ರೀತಿಯೇನೋ ನಾಟಿತು; ಚರ್ಮದ ಆಳದಲ್ಲಿ ಕಟ್ಟಿದ್ದ ಕೀವಿಗೆ ಅದು ನಾಟುವ ಬಗೆ ಹೇಗೆ?

ಮಾರ್ಚಿ ಎಂದರೆ ಕಚೇರಿಯವರಿಗೆ ಏನೆಂದು ಕಚೇರಿಯವರೇ ಬಲ್ಲರು. ವರ್ಷದ ಹಣವೆಲ್ಲ 31ನೆಯ ತಾರೀಖಿನೊಳಗೆ ಖರ್ಚಿನ ಲೆಕ್ಕಕ್ಕೆ ಸೇರಬೇಕು. ಹನ್ನೊಂದು ತಿಂಗಳು ನಿದ್ದೆ ಮಾಡಿದ ಬಿಲ್ಲುಗಳೆಲ್ಲ ಆಗ ಎಚ್ಚೆತ್ತು ಓಡಿಬರುತ್ತವೆ. ಅದರ ಜೊತೆಗೆ ಯುಗಾದಿಯೂ 30ನೆಯ ತಾರೀಖು ಭಾನುವಾರಕ್ಕೇ ಬಂದಿತ್ತು. ನಮ್ಮ ಸಂಘದ ನಾಟಕದಲ್ಲಿ ನನಗೆ ಸಿಕ್ಕ ಪಾತ್ರ ಮಹಾರಾಜನದು. ಪೂರ್ತಿ ಒಂದು ಅಂಕ ಸಿಂಹಾಸನದ ಮೇಲೆ ಕುಳಿತೇ ಇರಬೇಕು! ಬಂಗಾಳಿಯಲ್ಲಿ ಒಂದು ಗಾದೆಯಿದೆ: ಆನೆಕಾಲಿನ ಮೇಲೊಂದು ವಿಷದ ಕುರು. ನಾವು ಗಾಯದ ಮೇಲೆ ಬರೆ ಎನ್ನುತ್ತೇವಲ್ಲ, ಅದೇ. ನನ್ನ ಮಟ್ಟಿಗೆ ಅದು ಗಾದೆಯಾಗಿ ಉಳಿಯಲಿಲ್ಲ.

ಕಾಳೀಘಾಟಿನಿಂದ ಪಾರ್ಕ್ ಸ್ಟ್ರೀಟಿನವರೆಗೆ ಮೆಟ್ರೋದಲ್ಲಿ ನಿಂತೇ ಬರುತ್ತಿದ್ದೆ. ಸೀಟು ಖಾಲಿಯಾದರೆ ಮುದುಕರಿಗೆ ಬಿಟ್ಟುಕೊಡುತ್ತಿದ್ದೆ; ಅವರು ಹರಸುತ್ತಿದ್ದರು. ಕಚೇರಿಯಲ್ಲಿ ಕಡತಗಳನ್ನು ಬೀರುವಿನ ಮೇಲಿಟ್ಟುಕೊಂಡು ನಿಂತೇ ಬರೆಯುತ್ತಿದ್ದೆ. ನಮ್ಮ ಬಡೋಬಾಬು ಎರಡು ದಿನ ನೋಡಿದರು. ಮೂರನೆಯ ದಿನ ಹತ್ತಿರ ಬಂದು, "ಫೋಡಾ?" ಎಂದರು. ತಲೆಯಾಡಿಸಿದೆ. "ನಾಚಿಕೆ ಏಕೆ? ಕಾರ್ಲ್ ಮಾರ್ಕ್ಸನಿಗೂ ಆಗಿತ್ತು" ಎಂದರು.

ಲೆನಿನ್ನನ ಹೆಸರಿನಲ್ಲೊಂದು, ಮಾರ್ಕ್ಸನ ಹೆಸರಿನಲ್ಲೊಂದು ಬೀದಿಯಿರುವ ಊರು ಇದು. ಇಲ್ಲಿಯ ಬಡೋಬಾಬುಗಳಿಗೆ ಇಂಥ ಸಂಗತಿ ಬಾಯಲ್ಲೇ ಇರುತ್ತದೆ. ಅವರು ಹೇಳಿದ್ದು ನಿಜವೂ ಹೌದು. 'ಬಂಡವಾಳ'ದ ಮೊದಲ ಸಂಪುಟ 1867ರ ಸೆಪ್ಟೆಂಬರಿನಲ್ಲಿ ಹೊರಬಂತು. ಅದನ್ನು ಬರೆಯುವ ವರ್ಷಗಳುದ್ದಕ್ಕೂ ಮಾರ್ಕ್ಸನನ್ನು ಕುರುಗಳು ಕಾಡಿದವು. ಎಷ್ಟೋ ದಿನ ಆತ ಕುಳಿತುಕೊಳ್ಳಲಾರದೆ ಹೋದ. 1866ರ ಫೆಬ್ರವರಿಯಲ್ಲಿ ಬೇಸತ್ತು, ಹರಿತವಾದ ಕ್ಷೌರದ ಕತ್ತಿಯಿಂದ ತಾನೇ ಒಂದನ್ನು ಕುಯ್ದುಕೊಂಡ. ಈ ಕುರುಗಳನ್ನು ಶ್ರೀಮಂತ ವರ್ಗದವರು ಬದುಕಿರುವವರೆಗೂ ಮರೆಯದಿರಲಿ ಎಂಬ ಅರ್ಥದಲ್ಲಿ ಗೆಳೆಯ ಎಂಗೆಲ್ಸನಿಗೆ ಕಾಗದ ಬರೆದ. 2007ರಲ್ಲಿ ಇಂಗ್ಲೆಂಡಿನ ಚರ್ಮವೈದ್ಯ ಸ್ಯಾಮ್ ಶಸ್ಟರ್ ಆ ಕಾಗದಗಳನ್ನೆಲ್ಲ ಓದಿ, ಅದು ಸಾಮಾನ್ಯ ಕುರುವಲ್ಲ, ಕಂಕುಳು ತೊಡೆಸಂದುಗಳಲ್ಲಿ ಮತ್ತೆ ಮತ್ತೆ ಎದ್ದು ಗಾಯದ ಕಲೆ ಬಿಡುವ ಹೈಡ್ರಾಡೆನೈಟಿಸ್ ಎಂಬ ಬೇರೆಯೇ ಕಾಯಿಲೆ ಎಂದು ವಾದಿಸಿದರು. ಅದು ಕೊಳೆಯಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಅದರ ಚಿಕಿತ್ಸೆಯೇ ಬೇರೆ. ಅದೇ ಅದೇ ಜಾಗದಲ್ಲಿ ಏಳುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಬೇಕು ಎಂಬುದಕ್ಕೆ ಮಾರ್ಕ್ಸನೇ ಸಾಕ್ಷಿ.

ನಾನು ಮಾತ್ರ ಆ ಮಹನೀಯನ ಜೊತೆ ಹೆಸರು ಸೇರಿತಲ್ಲ ಎಂದು ಹಿಗ್ಗಿ, ವೈದ್ಯರನ್ನು ಏಪ್ರಿಲಿಗೆ ಮುಂದೂಡಿದೆ.

26ನೆಯ ತಾರೀಖು ಬೆಳಿಗ್ಗೆ ನಮ್ಮ ಆರು ವರ್ಷದ ಮಗಳು ಎದ್ದು ಬಂದಳು. ಮೇಲ್ದುಟಿಯ ಮೇಲೆ, ಮೂಗಿನ ಪಕ್ಕದಲ್ಲಿ ಕೆಂಪಗೆ ಊದಿತ್ತು. ಮೈ ಬಿಸಿ. ಯುಗಾದಿಯ ದಿನ ಪ್ರಾರ್ಥನೆ ಹಾಡಬೇಕಾದವಳು ಬಾಯಿ ತೆರೆಯಲಾರದೆ ಅತ್ತಳು. "ನಾನು ಹಿಸುಕಿಬಿಡಲೇ?" ಎಂದೆ. ನನ್ನ ಶ್ರೀಮತಿ ನನ್ನ ಕೈ ತಳ್ಳಿ, ಮಗುವನ್ನೆತ್ತಿಕೊಂಡು ನಡೆದೇಬಿಟ್ಟಳು.

ವೈದ್ಯೆ ವಯಸ್ಸಾದ ಬಂಗಾಳಿ ಹೆಂಗಸು. ಮಗುವನ್ನು ನೋಡಿ ಮುಖ ಗಂಭೀರ ಮಾಡಿಕೊಂಡರು. ಮೂಗು ಮತ್ತು ಮೇಲ್ದುಟಿಯ ಸುತ್ತಿನ ರಕ್ತನಾಳಗಳು ಒಳಗೆ ಮಿದುಳಿನ ಕಡೆಯ ನಾಳಗಳಿಗೆ ಕೂಡಿಕೊಂಡಿವೆಯಂತೆ. ಅಲ್ಲಿಯ ಕುರುವನ್ನು ಹಿಸುಕಿದರೆ ವಿಷ ಒಳಕ್ಕೇ ಏರೀತು ಎಂದರು. ನನ್ನ ಬೆರಳುಗಳನ್ನು ನಾನು ಜೇಬಿನೊಳಗೆ ಅಡಗಿಸಿಕೊಂಡೆ. ಆಮೇಲೆ ಕೇಳಿದರು: "ಮನೆಯಲ್ಲಿ ಇನ್ನು ಯಾರಿಗಾದರೂ ಇದೆಯೇ?"

ವಾಚಕರೆ, ಎಷ್ಟೋ ಆಡಿಟ್ ಪ್ರಶ್ನೆಗಳಿಗೆ ಉತ್ತರ ಬರೆದಿದ್ದೇನೆ. ಆ ಪ್ರಶ್ನೆಗೆ ನಾಲಗೆ ಏಳಲಿಲ್ಲ. ಶ್ರೀಮತಿಗೆ ಪೂಜೆಯ ಹೊತ್ತಿನದು ಗೊತ್ತಿತ್ತು, ಈಗಿನದು ಗೊತ್ತಿರಲಿಲ್ಲ. ಬೆನ್ನುನೋವು ಎಂದು ಹೇಳಿದ್ದೆ. "ನನಗಿದೆ" ಎಂದೆ. "ಟವೆಲು ಒಂದೆಯೋ?" ಎಂದರು ವೈದ್ಯೆ. ಒಂದೇ. ಕಚೇರಿಯಿಂದ ಬಂದು ನಾನು ಒರೆಸಿಕೊಂಡ ಟವೆಲಿನಲ್ಲೇ ಮಗು ಮುಖ ಒರೆಸಿಕೊಳ್ಳುತ್ತಿದ್ದಳು. ಶ್ರೀಮತಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಗುವಿಗೆ ಔಷಧ ಬರೆದುಕೊಟ್ಟು, ಜ್ವರ ಏರಿದರೆ, ಊತ ಕಣ್ಣಿನ ಕಡೆ ಹರಿದರೆ ಅರ್ಧರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಬೇಕೆಂದರು. ಆಮೇಲೆ ನನ್ನನ್ನು ಮಲಗಿಸಿ, ಮರವಿನ ಸೂಜಿ ಚುಚ್ಚಿ, ಕುರುವನ್ನು ಕುಯ್ದು ಕೀವು ತೆಗೆದರು. ಕೀವಿನ ಒಂದಿಷ್ಟು ಭಾಗ ಪರೀಕ್ಷೆಗೆ ಹೋಯಿತು. ಜೊತೆಗೆ ರಕ್ತದ ಸಕ್ಕರೆಯ ಪರೀಕ್ಷೆಯೂ ಆಯಿತು. ಕುರು ಮರಳಿ ಮರಳಿ ಬರುವುದು ಕೆಲವರಲ್ಲಿ ಸಿಹಿಮೂತ್ರ ರೋಗದ ಮೊದಲ ಸುಳಿವಾಗಿರುತ್ತದಂತೆ. ನನಗೆ ಅದಿರಲಿಲ್ಲ.

ಪರೀಕ್ಷೆಯಲ್ಲಿ ಸಿಕ್ಕ ಜೀವಿಯ ಹೆಸರು ಸ್ಟ್ಯಾಫಿಲೊಕಾಕಸ್ ಆರಿಯಸ್. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ 1879ರಲ್ಲಿ ತನ್ನ ಸಹಾಯಕನೊಬ್ಬನ ಕುರುವಿನ ಕೀವಿನಲ್ಲಿ ಇಂಥ ಸೂಕ್ಷ್ಮಜೀವಿಯನ್ನು ಕಂಡ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಗ್ಸಾಂಡರ್ ಆಗ್‌ಸ್ಟನ್ ಅದೇ ಕಾಲದಲ್ಲಿ ಅದನ್ನು ಪರೀಕ್ಷಿಸಿ, ದ್ರಾಕ್ಷಿಗೊಂಚಲಿನಂತೆ ಕಂಡದ್ದರಿಂದ ಗ್ರೀಕ್ ಮಾತಿನಲ್ಲಿ ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟ. ಆರಿಯಸ್ ಎಂದರೆ ಬಂಗಾರದ ಬಣ್ಣದ್ದು. ಗುಮಾಸ್ತನ ಮನೆಯಲ್ಲಿ ಬಂಗಾರ ಹೀಗೆಯೂ ಸೇರುತ್ತದೆ! ಸುಮಾರು ಮೂವರಲ್ಲೊಬ್ಬರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಮೂಗಿನಿಂದ ಕೈಗೆ, ಕೈಯಿಂದ ಚರ್ಮಕ್ಕೆ ಬಂದು, ಬೆವರು, ಬಿಗಿಬಟ್ಟೆ, ತುರಿಕೆಯ ಗೀರು ಸಿಕ್ಕಿದಲ್ಲಿ ಕೂದಲಿನ ಬುಡಕ್ಕೆ ಇಳಿಯುತ್ತದೆ. ಕಲ್ಕತ್ತೆಯ ಮಾರ್ಚಿಯಲ್ಲಿ ಬೆವರಿಗೇನು ಬರ?

ಆ ವರದಿಯಲ್ಲಿ ಇನ್ನೊಂದು ಸಾಲಿತ್ತು: ನಾನು ಅರ್ಧಕ್ಕೆ ಬಿಡುತ್ತಿದ್ದ ಮಾತ್ರೆಗೆ ಈ ಜೀವಿ ಬಗ್ಗದು. 1928ರಲ್ಲಿ ಫ್ಲೆಮಿಂಗನಿಗೆ ಪೆನಿಸಿಲಿನ್ ಕಂಡದ್ದು ಇದೇ ಜಾತಿಯ ಜೀವಿಯನ್ನು ಬೆಳೆಸಿದ್ದ ತಟ್ಟೆಯಲ್ಲಿ. ಆ ಪೆನಿಸಿಲಿನ್ನನ್ನು ಅದು ಬೇಗನೆ ಎದುರಿಸಲು ಕಲಿಯಿತು. ಬದಲಿಗೆ ಬಂದ ಮೆಥಿಸಿಲಿನ್ನಿಗೂ ಬಗ್ಗದ ತಳಿ 1961ರಲ್ಲೇ ಇಂಗ್ಲೆಂಡಿನಲ್ಲಿ ಕಂಡಿತು. ನನ್ನಂಥ ಉಳಿತಾಯಗಾರರು ಊರೂರಿಗೂ ಇರುವಾಗ ಅದು ಕಲಿಯದೆ ಏನು ಮಾಡೀತು?

ವೈದ್ಯೆ ಮನೆಯವರಿಗೆಲ್ಲ ಕಟ್ಟಳೆ ಹಾಕಿಕೊಟ್ಟರು. ಐದು ದಿನ, ದಿನಕ್ಕೆರಡು ಸಲ ಮೂವರ ಮೂಗಿಗೂ ಮುಪಿರೋಸಿನ್ ಮುಲಾಮು. ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಸ್ನಾನ. ಕಣ್ಣು ಕಿವಿಗೆ ತಾಗಬಾರದು. ಒಬ್ಬೊಬ್ಬರಿಗೂ ಬೇರೆ ಟವೆಲು, ಬೇರೆ ರೇಜರು. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು. ಕುರು ಎದ್ದೊಡನೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಚಿಯಾದ ಬಟ್ಟೆಯಿಂದ ದಿನಕ್ಕೆ ಮೂರು ನಾಲ್ಕು ಸಲ, ಹತ್ತು ಹದಿನೈದು ನಿಮಿಷ ಶಾಖ ಕೊಡುವುದು. ಒಡೆದರೆ ಮುಚ್ಚಿಡುವುದು, ಕೈ ತೊಳೆಯುವುದು. ಹಿಸುಕುವುದು, ಚುಚ್ಚುವುದು, ಅಂಗಡಿಯಲ್ಲಿ ಮಾತ್ರೆ ಕೇಳುವುದು ನಿಷಿದ್ಧ. ಇದು ನಮ್ಮ ಮನೆಗೆ ಕೊಟ್ಟ ಕಟ್ಟಳೆ. ನಿಮ್ಮ ಮನೆಯದನ್ನು ನಿಮ್ಮ ವೈದ್ಯರೇ ಹೇಳಬೇಕು.

ಎರಡು ರಾತ್ರಿ ನಾವಿಬ್ಬರೂ ಸರದಿಯ ಮೇಲೆ ಮಗುವಿನ ಹಣೆ ಮುಟ್ಟಿ ನೋಡುತ್ತ ಕುಳಿತೆವು. ಮೂರನೆಯ ಬೆಳಿಗ್ಗೆ ಜ್ವರ ಬಿಟ್ಟಿತು. ಊತ ಇಳಿಯಿತು.

ಕಚೇರಿಯಲ್ಲಿ ನನ್ನ ಬಿಲ್ಲುಗಳನ್ನು ಬಡೋಬಾಬು ತಾವೇ ಮುಗಿಸಿದ್ದರು. ಒಂದು ರಜದ ಅರ್ಜಿಯಿಂದ ಆಗುವ ಕೆಲಸಕ್ಕೆ ನಾನು ಮೂರು ವಾರ ನಿಂತಿದ್ದೆ! ಯುಗಾದಿಯ ದಿನ ನಾಟಕದಲ್ಲಿ ಮಹಾರಾಜನ ಪಾತ್ರ ಬೇರೊಬ್ಬರಿಗೆ ಹೋಯಿತು. ಸಿಂಹಾಸನದಲ್ಲಿ ಅವರು ನನಗಿಂತ ಚೆನ್ನಾಗಿಯೇ ಕುಳಿತರಂತೆ. ಮಗಳು ಮನೆಯಲ್ಲೇ ದೇವರ ಮುಂದೆ ತನ್ನ ಪ್ರಾರ್ಥನೆ ಹಾಡಿದಳು. ಬೇವುಬೆಲ್ಲ ಕೊಡುವಾಗ ಶ್ರೀಮತಿ ನನ್ನ ಪಾಲಿಗೆ ಬೇವನ್ನು ಸ್ವಲ್ಪ ಹೆಚ್ಚಾಗಿಯೇ ಹಾಕಿದಳು. ಮರುಮಾತಾಡದೆ ನುಂಗಿದೆ.

ಈಗ ನಮ್ಮ ಬಾಲ್ಕನಿಯ ತಂತಿಯ ಮೇಲೆ ಮೂರು ಬಣ್ಣದ ಟವೆಲುಗಳು ಒಣಗುತ್ತಿರುತ್ತವೆ. ಮಗಳ ತುಟಿಯ ಮೇಲೆ ಸಣ್ಣ ಕಲೆಯೊಂದು ಉಳಿದಿದೆ. ಅವಳು ನಕ್ಕಾಗ ಕಾಣುತ್ತದೆ. ದೂರದ ಊರಿನಲ್ಲಿ ಸಂಸಾರ ಹೂಡಿದವರಿಗೆ ಅಜ್ಜಿಯ ಕಣ್ಣಿಲ್ಲ, ಅತ್ತಿಗೆಯ ಕಣ್ಣಿಲ್ಲ. ಮನೆಯವರು ಒಬ್ಬರಿಗೊಬ್ಬರು ಹೇಳಿಕೊಂಡರೇ ಉಂಟು. ನೋವನ್ನು ಬಚ್ಚಿಟ್ಟುಕೊಂಡರೆ ಅದು ತಾನಿದ್ದಲ್ಲೇ ಇರುವುದಿಲ್ಲ.

ಹೆಚ್ಚಿಗೆ ಬರೆಯಲಾರೆ. ಇಷ್ಟನ್ನೂ ಕುರ್ಚಿಯಲ್ಲಿ ಕುಳಿತೇ ಬರೆದೆನೆಂಬುದನ್ನು ಮಾತ್ರ ವಾಚಕರು ಸಂತೋಷದಿಂದ ಗಮನಿಸಬೇಕಾಗಿ ಪ್ರಾರ್ಥನೆ.